ಮಡಕೆ ನೀರು ಸುತ್ತಲಿನ ಗಾಳಿಗಿಂತ ತಣ್ಣಗಾಗುತ್ತಲ್ಲ, ಥರ್ಮೊಡೈನಮಿಕ್ಸ್‌ನ ಎರಡನೇ ನಿಯಮ ಎಲ್ಲಿ ಹೋಯ್ತು?

ತಣ್ಣೀರು_ಹೂಜಿ
ಏಪ್ರಿಲ್ ಮಧ್ಯಾಹ್ನ, ನೆರಳಲ್ಲೇ ಗಾಳಿ 40 ಡಿಗ್ರಿ. ಮಡಕೆ, ಸ್ಟ್ಯಾಂಡು, ಗೋಡೆ ಎಲ್ಲ ಅಷ್ಟೇ. ತುಂಬಿದ ನೀರೂ 40. ನಾಲ್ಕೈದು ಗಂಟೆ ಬಿಟ್ಟು ಥರ್ಮಾಮೀಟರ್ ಇಳಿಬಿಟ್ಟರೆ 25. ಕರೆಂಟಿಲ್ಲ, ಮೋಟರಿಲ್ಲ, ಐಸಿಲ್ಲ. ಶಾಖ ತಾನಾಗಿ ತಣ್ಣನೆಯದರಿಂದ ಬಿಸಿಯದಕ್ಕೆ ಹರಿಯಲ್ಲ ಅಂತ ಪಿಯುಸಿಯಲ್ಲಿ ಉರು ಹೊಡೆಸ್ತಾರೆ. ಇಲ್ಲಿ ಹರಿದಿದೆಯಲ್ಲ?

ಲೆಕ್ಕವನ್ನೂ ಹಾಕಿದೆ. 10 ಲೀಟರ್ ನೀರು 313 ಕೆಲ್ವಿನ್‌ನಿಂದ 298ಕ್ಕೆ (ಅಂದರೆ 40 ಡಿಗ್ರಿಯಿಂದ 25ಕ್ಕೆ) ಇಳಿದರೆ ಅದರ ಎಂಟ್ರೊಪಿ (ಅಣುಗಳು ಎಷ್ಟು ವಿಧದಲ್ಲಿ ಜೋಡಿಕೊಳ್ಳಬಹುದು ಅನ್ನೋದರ ಅಳತೆ) ಬದಲಾವಣೆ 10 × 4.186 (ನೀರಿನ ವಿಶಿಷ್ಟೋಷ್ಣ) × ನ್ಯಾಚುರಲ್ ಲಾಗ್ (298/313), ಅಂದರೆ −2.06 ಕಿಲೋಜೂಲ್/ಕೆಲ್ವಿನ್. ಹೊರಬಿದ್ದ ಶಾಖ 628 ಕಿಲೋಜೂಲ್. ಅದು 313 ಕೆಲ್ವಿನ್ ಗಾಳಿಗೆ ಹೋದರೆ 628/313 = +2.01. ಕೂಡಿದರೆ −0.05. ಒಟ್ಟು ಎಂಟ್ರೊಪಿ ಇಳಿಯಬಾರದು ಅನ್ನೋದೇ ಎರಡನೇ ನಿಯಮ, ಇಲ್ಲಿ ಇಳಿದಿದೆ! ಎಲ್ಲಿ ಎಡವಿದ್ದೀನಿ?

ಒಗ್ಗರಣೆ
ನೀರು ಆವಿಯಾಗುತ್ತೆ, ತಣ್ಣಗಾಗುತ್ತೆ. ಹೈಸ್ಕೂಲ್ ಪಾಠ. ಮುಂದಿನ ಪ್ರಶ್ನೆ ಕೇಳಿ.

ತಣ್ಣೀರು_ಹೂಜಿ
ಆವಿಯಾಗುತ್ತೆ ಅನ್ನೋದು ಗೊತ್ತು ಸ್ವಾಮಿ. ಆ ಮೈನಸ್ ಎಲ್ಲಿಂದ ಬಂತು ಅನ್ನೋದನ್ನ ಹೇಳಿ.

ಎಡವಟ್ಟು_ರಾಯ
ಇದಕ್ಕೆ ಇಷ್ಟು ತಲೆ ಕೆಡಿಸ್ಕೊಬೇಕಾ? ಮಡಕೆ ತೆರೆದ ವ್ಯವಸ್ಥೆ, ದ್ರವ್ಯವೂ ಶಾಖವೂ ಒಳಹೊರಗೆ ಓಡಾಡುತ್ತೆ. ಎರಡನೇ ನಿಯಮ ಇರೋದು ಪ್ರತ್ಯೇಕಿತ ವ್ಯವಸ್ಥೆಗೆ, ಅಂದ್ರೆ ಗಡಿಯನ್ನ ಏನೂ ದಾಟದ್ದಕ್ಕೆ. ತೆರೆದದ್ದಕ್ಕೆ ಅದು ಅನ್ವಯಿಸಲ್ಲ. ಮುಗೀತು.

ಲೆಕ್ಕದ_ಮೇಷ್ಟ್ರು
ಮುಗೀಲಿಲ್ಲ ರಾಯರೇ. "ತೆರೆದ ವ್ಯವಸ್ಥೆಗೆ ಅನ್ವಯಿಸಲ್ಲ" ಅನ್ನೋ ಮಾತು ಎಲ್ಲ ಕಡೆ ಓಡಾಡುತ್ತೆ, ಎಲ್ಲ ಕಡೆಯೂ ತಪ್ಪು. ನಿಯಮ ಪೂರ್ತಿ ಅನ್ವಯಿಸುತ್ತೆ. ಬದಲಾಗೋದು ಜಮಾಖರ್ಚಿನ ಪುಸ್ತಕ ಮಾತ್ರ.

ತೆರೆದ ವ್ಯವಸ್ಥೆಗೆ ನಾಲ್ಕು ಬಾಬ್ತು ಬರೀಬೇಕು. ಗಡಿ ದಾಟಿದ ಶಾಖವನ್ನು ಗಡಿಯ ತಾಪಮಾನದಿಂದ ಭಾಗಿಸಿದ್ದು, ಒಳಬಂದ ದ್ರವ್ಯ ಹೊತ್ತು ತಂದ ಎಂಟ್ರೊಪಿ, ಹೊರಹೋದ ದ್ರವ್ಯ ಹೊತ್ತೊಯ್ದ ಎಂಟ್ರೊಪಿ, ಕೊನೆಗೆ ಒಳಗೇ ಹುಟ್ಟಿದ್ದು. ಮೊದಲ ಮೂರರಿಂದ ವ್ಯವಸ್ಥೆಯ ಎಂಟ್ರೊಪಿ ಏರಲೂಬಹುದು, ಇಳಿಯಲೂಬಹುದು. ನಾಲ್ಕನೆಯದು ಮಾತ್ರ ಯಾವತ್ತೂ ಸೊನ್ನೆಗಿಂತ ಕೆಳಗೆ ಹೋಗಲ್ಲ. ನಿಯಮ ಕೂತಿರೋದೇ ಆ ನಾಲ್ಕನೇ ಸಾಲಿನಲ್ಲಿ. ಬೆಲ್ಜಿಯಂನ ಪ್ರಿಗೋಜಿನ್ ಈ ಲೆಕ್ಕವನ್ನ ಸಮತೋಲದಿಂದ ದೂರ ಇರುವ ವ್ಯವಸ್ಥೆಗಳಿಗೆ ಒಯ್ದದ್ದಕ್ಕೇ 1977ರ ರಸಾಯನಶಾಸ್ತ್ರ ನೊಬೆಲ್ ಬಂದದ್ದು.

ಈಗ ಹೂಜಿಯವರ ಎಡವಟ್ಟು. ಅವರು 628 ಕಿಲೋಜೂಲನ್ನ ಶಾಖ ಅಂತ ಗಾಳಿಯ ಖಾತೆಗೆ ಜಮಾ ಮಾಡಿದ್ದಾರೆ. ಅದು ಶಾಖವಾಗಿ ಗಾಳಿಗೆ ಹೋಗಲೇ ಇಲ್ಲ. ಮಡಕೆ ಪಕ್ಕದ ಗಾಳಿ ಬಿಸಿಯಾಗಿದೆಯಾ ನೋಡಿ, ತಣ್ಣಗಿದೆ. ಆ 628 ಹೋಗಿದ್ದು ಸುಮಾರು 260 ಗ್ರಾಂ ನೀರನ್ನ ಆವಿ ಮಾಡೋಕೆ (ಗುಪ್ತೋಷ್ಣ ಕೆಜಿಗೆ 2430 ಕಿಲೋಜೂಲ್ ಅಂತ ಹಿಡಿದರೆ). ಆ ಆವಿ ದ್ರವ್ಯದ ಜೊತೆ ಎಂಟ್ರೊಪಿಯನ್ನೂ ಹೊತ್ತೊಯ್ತು. ಎಷ್ಟು? ನೀರು ಯಾವ ಯಾವ ತಾಪಮಾನದಲ್ಲಿ ಶಾಖ ಕಳಕೊಂಡಿತೋ ಅದೇ ತಾಪಮಾನದಲ್ಲಿ ಆವಿ ಅದನ್ನ ಪಡೆದಿದೆ. ಹಾಗಾಗಿ ಇಲ್ಲಿಯವರೆಗೆ ಸರಿಯಾಗಿ +2.06. ಒಟ್ಟು ಸೊನ್ನೆ. ಮೈನಸ್ ಮಾಯ.

ಆಮೇಲೆ ಅಸಲಿ ಕಥೆ. ನೀರಿನ ಮೈಮೇಲೆ ಆವಿ ಪೂರ್ತಿ ಒತ್ತಡದಲ್ಲಿರುತ್ತೆ, 40 ಡಿಗ್ರಿಯಲ್ಲಿ 7.38 ಕಿಲೋಪಾಸ್ಕಲ್, 25ರಲ್ಲಿ 3.17. ಗಾಳಿಯಲ್ಲಿ ತೇವಾಂಶ ಶೇ 20 ಇದ್ದರೆ ಅಲ್ಲಿ ಆವಿಯ ಒತ್ತಡ ಬರೀ 1.48. ಆವಿ ಅಷ್ಟು ತೆಳುವಾಗಿ ಹರಡಿಕೊಂಡಾಗ ಕೆಜಿಗೆ 0.4615 (ನೀರಾವಿಯ ಅನಿಲ ಸ್ಥಿರಾಂಕ) × ಲಾಗ್ (7.38/1.48) = 0.74 ಕಿಲೋಜೂಲ್/ಕೆಲ್ವಿನ್ ಹೊಸದಾಗಿ ಹುಟ್ಟುತ್ತೆ. ನೀರು ತಣ್ಣಗಾಗ್ತಾ ಹೋದಂತೆ ಇದು 0.35ಕ್ಕೆ ಇಳಿಯುತ್ತೆ. 260 ಗ್ರಾಂಗೆ ಸರಾಸರಿ ಹಿಡಿದರೆ ಸುಮಾರು 0.14. ಅದೇ ನಾಲ್ಕನೇ ಬಾಬ್ತು. ಪಾಸಿಟಿವ್.

ಕರೆಂಟಿಲ್ಲ ಅಂದ್ರಲ್ಲ, ಇಲ್ಲಿ ಕರೆಂಟಿನ ಜಾಗದಲ್ಲಿ ಒಣಗಾಳಿ ಕೂತಿದೆ.

ತಣ್ಣೀರು_ಹೂಜಿ
ಓಹ್. ಶಾಖ ಅಂತ ಬರೆದದ್ದೇ ತಪ್ಪು. ದ್ರವ್ಯ ದಾಟಿದಾಗ ಶಾಖ ಭಾಗಿಸು ತಾಪಮಾನ ಅಂತ ಬರೆದರೆ ಸಾಲಲ್ಲ. ಸರಿ, ತಲೆಗೆ ಹೋಯ್ತು.

ಕಡಲತಡಿ
ಅದಕ್ಕೇ ಮಾರಾಯ್ರೆ, ಮಂಗಳೂರಲ್ಲಿ ಮಡಕೆ ಇಟ್ಟರೆ ಏನೂ ಆಗುವುದಿಲ್ಲ. 33 ಡಿಗ್ರಿ, ತೇವಾಂಶ ಶೇ 75 ಇದ್ದರೆ ವೆಟ್ ಬಲ್ಬ್ ತಾಪಮಾನವೇ (ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರ್ ತೋರಿಸುವುದು) 29. ಅದಕ್ಕಿಂತ ಕೆಳಗೆ ಮಡಕೆ ಹೋಗುವ ಹಾಗೇ ಇಲ್ಲ. ಇಷ್ಟೆಲ್ಲಾ ಮಾಡಿ ನಾಲ್ಕು ಡಿಗ್ರಿ ಲಾಭ ಉಂಟು, ಅಷ್ಟೆ.

ಬಿಸಿಲನಾಡು
ಹೌದ್ರೀ. ರಾಯಚೂರು, ಕಲಬುರಗಿ ಕಡೆ 40 ಡಿಗ್ರಿಗೆ ಶೇ 20 ತೇವ ಅಂದ್ರ ವೆಟ್ ಬಲ್ಬ್ 22-23. ಗಡಿಗಿ ನೀರು 25ಕ್ಕ ಆರಾಮ ಇಳೀತದ. ಅದ ಗಡಿಗಿ ಸಮುದ್ರದ ದಂಡಿಗೆ ಒಯ್ದ್ರ ಸುಮ್ನ ಕುಂದರತದ. ಮಣ್ಣಿನ ಗುಣ ಬದಲಾಗಂಗಿಲ್ಲ, ಗಾಳಿ ಬದಲಾಗತದ.

ಎಡವಟ್ಟು_ರಾಯ
ಸರಿ, ನಿಯಮ ಅನ್ವಯಿಸುತ್ತೆ, ಒಪ್ಪಿದೆ. ಆದ್ರೆ ಒಂದು ಡೌಟು. ನೀರು 25ಕ್ಕೆ ಬಂದು ನಿಂತ ಮೇಲೆ ಏನೂ ಬದಲಾಗ್ತಿಲ್ಲವಲ್ಲ. ಸಮತೋಲ ಬಂತು. ಆಗ ಎಂಟ್ರೊಪಿ ಹುಟ್ಟೋದು ನಿಲ್ಲಬೇಕು ತಾನೆ?

ಲೆಕ್ಕದ_ಮೇಷ್ಟ್ರು
ಒಳ್ಳೆ ಪ್ರಶ್ನೆ, ಉತ್ತರ ಇಲ್ಲ ಅಂತ. ಅದು ಸ್ಥಿರಸ್ಥಿತಿ, ಸಮತೋಲ ಅಲ್ಲ. ಎರಡನ್ನೂ ಒಂದೇ ಅಂದುಕೊಂಡರೆ ತೆರೆದ ವ್ಯವಸ್ಥೆ ಯಾವತ್ತೂ ಅರ್ಥ ಆಗಲ್ಲ.

ಮಡಕೆಯ ಹೊರಮೈ ಸುಮಾರು 0.3 ಚದರ ಮೀಟರ್ ಅಂದುಕೊಳ್ಳಿ. ಗಾಳಿ ಮತ್ತು ಸುತ್ತಲಿನ ವಿಕಿರಣ ಸೇರಿ ಪ್ರತಿ ಚದರ ಮೀಟರಿಗೆ, ಪ್ರತಿ ಡಿಗ್ರಿ ವ್ಯತ್ಯಾಸಕ್ಕೆ ಅಂದಾಜು 10 ವಾಟ್ ಶಾಖ ಒಳಗೆ ನುಗ್ಗಿಸುತ್ತೆ. 15 ಡಿಗ್ರಿ ವ್ಯತ್ಯಾಸಕ್ಕೆ 45 ವಾಟ್. ಅದನ್ನ ಹೊರಹಾಕೋಕೆ ದಿನಕ್ಕೆ ಸುಮಾರು 1.6 ಲೀಟರ್ ಆವಿಯಾಗ್ತಾ ಇರಬೇಕು. ಮುಚ್ಚಳ ಹಾಕಿದ್ದರೂ ಮಡಕೆ ನೀರು ಕಡಿಮೆಯಾಗೋದು ಇದಕ್ಕೇ.

ಈಗ ಎಂಟ್ರೊಪಿ. 45 ವಾಟ್ ಶಾಖ 313ರಿಂದ 298ಕ್ಕೆ ಜಾರಿದ್ದರಿಂದ ಹುಟ್ಟಿದ್ದು ಸೆಕೆಂಡಿಗೆ ಸುಮಾರು 7 ಮಿಲಿಜೂಲ್/ಕೆಲ್ವಿನ್. ಆವಿ ಒಣಗಾಳಿಯಲ್ಲಿ ಹರಡಿದ್ದರಿಂದ ಇನ್ನೊಂದು 6.5. ಒಟ್ಟು 14ರ ಹತ್ತಿರ. ನೀರಿನ ಎಂಟ್ರೊಪಿ ಬದಲಾಗ್ತಿಲ್ಲ, ಆದ್ರೆ ಹುಟ್ಟಿದ್ದೆಲ್ಲ ಆ ಕ್ಷಣವೇ ಹೊರಕ್ಕೆ ಸಾಗಾಟ ಆಗ್ತಿದೆ. ಸಮತೋಲ ಅಂದರೆ ಹುಟ್ಟೋದೇ ನಿಂತಿರಬೇಕು. ಮಡಕೆಯನ್ನ ಗಾಳಿಯಾಡದ ಡ್ರಮ್ಮಿನೊಳಗೆ ಹಾಕಿ ಮುಚ್ಚಿ, ಸ್ವಲ್ಪ ಹೊತ್ತಿಗೆ ಒಳಗಿನ ಗಾಳಿ ತೇವ ಕುಡಿದು ಶೇ 100 ಆಗುತ್ತೆ, ನೀರು ಮತ್ತೆ ಹೊರಗಿನ ಬಿಸಿಗೆ ಏರುತ್ತೆ. ಅದು ಸಮತೋಲ.

ಕಂಪ್ರೆಸರ್_ಗುರು
ಕೂಲರ್ ಇಟ್ಟುಕೊಂಡು ಕಿಟಕಿ ಮುಚ್ಚೋರಿಗೆ ಈ ಡ್ರಮ್ಮಿನ ಉದಾಹರಣೆ ಓದಿಸಬೇಕು. ಎಸಿಗೆ ಕಿಟಕಿ ಮುಚ್ಚಬೇಕು, ಕೂಲರಿಗೆ ಎದುರುಗಡೆ ಕಿಟಕಿ ತೆರೆದಿರಬೇಕು. ಮುಚ್ಚಿದ ಕೋಣೆಯಲ್ಲಿ ಅರ್ಧ ಗಂಟೆಯಲ್ಲಿ ತೇವ ಏರಿ, ಪ್ಯಾಡ್ ನೀರು ಆವಿಯಾಗೋದು ಕಡಿಮೆಯಾಗಿ, ಫ್ಯಾನು ಬರೀ ಜಿಗುಟು ಗಾಳಿ ಬೀಸುತ್ತೆ. ಆಗ ಜನ ಕೂಲರ್ ಕೆಟ್ಟಿದೆ ಅಂತ ಪಂಪು ಬದಲಾಯಿಸ್ತಾರೆ.

ಫ್ರಿಡ್ಜಿನ ಲೆಕ್ಕವನ್ನೂ ಇಟ್ಟುಬಿಡ್ತೀನಿ, ಹೋಲಿಕೆಗೆ ಬರುತ್ತೆ. ಒಳಗೆ 277 ಕೆಲ್ವಿನ್, ಕೋಣೆ 303. ಒಳಗಿಂದ 100 ವಾಟ್ ತೆಗೀಬೇಕು. ಕಾರ್ನೋ ಲೆಕ್ಕದಲ್ಲಿ (ನಷ್ಟವೇ ಇಲ್ಲದ ಆದರ್ಶ ಯಂತ್ರಕ್ಕೆ) ಕನಿಷ್ಠ 100 × 26/277 = 9.4 ವಾಟ್ ಸಾಕು. ನಿಜವಾದ ಯಂತ್ರಕ್ಕೆ 50 ಬೇಕು ಅನ್ನಿ. ಒಳಗಿನ ಎಂಟ್ರೊಪಿ ಸೆಕೆಂಡಿಗೆ 100/277 = 0.361 ಇಳೀತು, ಹಿಂದಿನ ಜಾಲರಿಯಿಂದ 150/303 = 0.495 ಹೊರಬಿತ್ತು. ಹುಟ್ಟಿದ್ದು 0.134. ಇದನ್ನ ಕೋಣೆಯ 303ರಿಂದ ಗುಣಿಸಿ, 40.6 ವಾಟ್ ಬರುತ್ತೆ. 50ರಲ್ಲಿ 9.4 ಕಳೆದರೂ 40.6. ಅಂದ್ರೆ ಎಂಟ್ರೊಪಿ ಹುಟ್ಟಿದ ಲೆಕ್ಕವೇ ಕರೆಂಟ್ ಬಿಲ್ಲಿನಲ್ಲಿ ದಂಡವಾಗಿ ಬರೋದು. ಜಾಲರಿ ಮೇಲೆ ಧೂಳು ಕೂತರೆ, ಫ್ರಿಡ್ಜನ್ನ ಗೋಡೆಗೆ ಒತ್ತಿ ಇಟ್ಟರೆ, ಬಾಗಿಲ ರಬ್ಬರ್ ಸಡಿಲ ಆದರೆ ದಂಡ ಜಾಸ್ತಿ.

ಒಗ್ಗರಣೆ
ಫ್ರಿಡ್ಜ್ ಬಾಗಿಲು ತೆಗೆದಿಟ್ಟರೆ ಅಡುಗೆಮನೆ ತಣ್ಣಗಾಗುತ್ತಾ ಅಂತ ಯಾರಾದ್ರೂ ಕೇಳೋಕೆ ಮುಂಚೆ ಹೇಳ್ತೀನಿ: ಬಿಸಿಯಾಗುತ್ತೆ. ಕರೆಂಟಿನಲ್ಲಿ ಬಂದದ್ದಷ್ಟೂ ಕೋಣೆಗೇ.

ರಸಗುಂಡಿ
ಮಡಕೆ ಬಿಟ್ಟು ಒಂದು ನಮ್ಮೂರಿನ ಉದಾಹರಣೆ ತಗೊಳ್ಳಿ, ಗೋಕರ್ಣದ ಪಕ್ಕದ ಸಾಣಿಕಟ್ಟಾ ಉಪ್ಪಿನ ಗದ್ದೆ. ಎಂಟ್ರೊಪಿ ಇಳಿಯೋದು ಕಣ್ಣಿಗೇ ಕಾಣುತ್ತೆ. ಸಮುದ್ರದ ನೀರಲ್ಲಿ ಅಡ್ಡಾದಿಡ್ಡಿ ಓಡಾಡ್ತಿದ್ದ ಸೋಡಿಯಂ, ಕ್ಲೋರೈಡ್ ಅಯಾನುಗಳು ಚೌಕ ಹರಳಾಗಿ ಸಾಲಾಗಿ ಕೂರ್ತವೆ. ಯಾರೂ ಜೋಡಿಸಿದ್ದಲ್ಲ.

ಒಂದು ಕೆಜಿ ಸಮುದ್ರ ನೀರಲ್ಲಿ ಲವಣ 35 ಗ್ರಾಂ, ಅದರಲ್ಲಿ ಅಡುಗೆ ಉಪ್ಪು ಸುಮಾರು 27 ಗ್ರಾಂ, 0.46 ಮೋಲ್. ಹರಳಾದಾಗ ಮೋಲಿಗೆ ಸುಮಾರು 43 ಜೂಲ್/ಕೆಲ್ವಿನ್ ಇಳಿಯುತ್ತೆ, ಒಟ್ಟು 20. ಅದೇ ಹೊತ್ತಿಗೆ ಆವಿಯಾಗಿ ಹೋದ 965 ಗ್ರಾಂ ನೀರು ಹೊತ್ತೊಯ್ದದ್ದು ಸುಮಾರು 7,800 ಜೂಲ್/ಕೆಲ್ವಿನ್. ನಾನೂರು ಪಟ್ಟು! ಉಪ್ಪಿನ ಶಿಸ್ತಿಗೆ ಆವಿ ಸಾಲ ತೀರಿಸಿ ಆಗಿದೆ.

ಲೆಕ್ಕದ_ಮೇಷ್ಟ್ರು
ರಸಗುಂಡಿಯವರೇ, ಉದಾಹರಣೆ ಚಿನ್ನ, ನಾನೂರು ಪಟ್ಟು ಮಾತ್ರ ಮೋಸ. 7,800ನ್ನ ಆವಿ ಒಯ್ದದ್ದು ನಿಜ. ಆದ್ರೆ ಅಷ್ಟೇ ಎಂಟ್ರೊಪಿ ಆವಿ ಮಾಡೋಕೆ ಬೇಕಾದ ಶಾಖದ ಜೊತೆ ಒಳಗೂ ಬಂದಿದೆಯಲ್ಲ. ಬಂದದ್ದನ್ನ ಬರೀದೆ ಹೋದದ್ದನ್ನ ಮಾತ್ರ ಬರೆದರೆ ಯಾವ ಅಂಗಡಿ ಲೆಕ್ಕವೂ ಲಾಭ ತೋರಿಸುತ್ತೆ. ತೆರೆದ ವ್ಯವಸ್ಥೆಯ ವಾದಗಳಲ್ಲಿ ನೂರಕ್ಕೆ ತೊಂಬತ್ತು ಈ ಒಟ್ಟು-ನಿವ್ವಳ ಗೊಂದಲದಲ್ಲೇ ಮುಳುಗೋದು.

ನಿವ್ವಳ ಹೀಗೆ: ಗಾಳಿಯ ತೇವ ಶೇ 70 ಇದ್ದರೆ, ಆವಿ ಹರಡಿಕೊಂಡಾಗ ಕೆಜಿಗೆ 0.4615 × ಲಾಗ್ (1/0.7) = 165 ಜೂಲ್/ಕೆಲ್ವಿನ್. 965 ಗ್ರಾಂಗೆ 159. ನೀರು ಗಾಳಿಯಷ್ಟೇ ಬಿಸಿಯಿದೆ ಅಂದುಕೊಂಡ ಲೆಕ್ಕ ಇದು. ಉಪ್ಪನ್ನ ನೀರಿನಿಂದ ಬಿಡಿಸುವ ಖರ್ಚೆಲ್ಲ ಈ 159ರಲ್ಲೇ ಆಗಬೇಕು. ಆಗುತ್ತೆ, ಆದ್ರೆ ಕೈತುಂಬ ಉಳಿಯಲ್ಲ.

ರಸಗುಂಡಿ
ಒಪ್ಪಿದೆ, ನನ್ನದು ಒರಟು ಹೋಲಿಕೆ. ನಿಮ್ಮ ನಿವ್ವಳ ಲೆಕ್ಕದಿಂದಲೇ ಒಂದು ಚೆಂದದ ವಿಷಯ ಬರುತ್ತೆ ನೋಡಿ. ಉಪ್ಪು ತುಂಬಿ ಇನ್ನು ಕರಗಲ್ಲ ಅನ್ನೋ ಹಂತದ ನೀರಿನ ಮೇಲೆ ಆವಿಯ ಒತ್ತಡ ಶುದ್ಧ ನೀರಿನ ಶೇ 75 ಮಾತ್ರ. ಅಂದರೆ ಅದೇ ತಾಪಮಾನದಲ್ಲಿ ಗಾಳಿಯ ತೇವ ಶೇ 75 ದಾಟಿದರೆ ಆವಿ ಹೊರಗೆ ಹೋಗೋದು ನಿಂತು, ಉಲ್ಟಾ ಗಾಳಿಯಿಂದ ನೀರು ಒಳಗೆ ಬರುತ್ತೆ. ಹರಳು ಕಟ್ಟಲ್ಲ, ಕಟ್ಟಿದ್ದೂ ಕರಗುತ್ತೆ. ಗದ್ದೆಯಲ್ಲಿ ಬಿಸಿಲಿಗೆ ನೀರು ಗಾಳಿಗಿಂತ ಬಿಸಿ ಇರೋದರಿಂದ ಸ್ವಲ್ಪ ರಿಯಾಯಿತಿ ಸಿಗುತ್ತೆ, ಆದ್ರೆ ಮೋಡ ಕವಿದರೆ ಅದೂ ಹೋಯ್ತು.

ಕಡಲತಡಿ
ಅಂದರೆ ಮಳೆಗಾಲದಲ್ಲಿ ಉಪ್ಪಿನ ಡಬ್ಬಿ ಒದ್ದೆಯಾಗುವುದೂ ಎರಡನೇ ನಿಯಮವಾ?

ರಸಗುಂಡಿ
ಅದೇ. ಅದರಲ್ಲೂ ಕಲ್ಲುಪ್ಪು ಮೊದಲು ಒದ್ದೆಯಾಗುತ್ತೆ, ಯಾಕೆಂದರೆ ಅದರಲ್ಲಿ ಮೆಗ್ನೀಸಿಯಂ ಕ್ಲೋರೈಡ್ ಉಳಿದಿರುತ್ತೆ. ಅದಕ್ಕೆ ಗಾಳಿಯಲ್ಲಿ ಶೇ 33 ತೇವ ಇದ್ದರೆ ಸಾಕು, ನೀರು ಹೀರಲು ಶುರು. ಉಪ್ಪಿನ ಗದ್ದೆಯಲ್ಲಿ ಬೋಮೆ ಮಾಪಕ (ಉಪ್ಪುನೀರು ಎಷ್ಟು ಗಟ್ಟಿಯಾಗಿದೆ ಅಂತ ಅಳೆಯೋ ಸಾಧನ) ಇಟ್ಟುಕೊಳ್ಳೋದು ಇದಕ್ಕೇ. ಸಮುದ್ರದ ನೀರು 3.5 ಡಿಗ್ರಿ ಬೋಮೆ. ಗಟ್ಟಿಯಾಗ್ತಾ ಹೋದಂತೆ ಉಪ್ಪಿಗಿಂತ ಮೊದಲು ಜಿಪ್ಸಂ ಬೀಳುತ್ತೆ, ಅದನ್ನ ಹಿಂದಿನ ಗದ್ದೆಯಲ್ಲೇ ಬಿಡಬೇಕು. 25-26ಕ್ಕೆ ಬಂದಾಗ ಹರಳು ಕಟ್ಟುವ ಗದ್ದೆಗೆ ಬಿಡಬೇಕು, ಅಷ್ಟರಲ್ಲಿ ನೀರು ಮೊದಲಿನ ಹತ್ತನೇ ಒಂದು ಭಾಗದಷ್ಟಾಗಿರುತ್ತೆ. 29-30 ತಲುಪಿದರೆ ಉಳಿದ ನೀರನ್ನ ಹೊರಗೆ ಬಿಟ್ಟುಬಿಡಬೇಕು. ಆಸೆಗೆ ಬಿದ್ದು ಇನ್ನೂ ಒಣಗಿಸಿದರೆ ಮೆಗ್ನೀಸಿಯಂ ಲವಣ ಸೇರಿ ಉಪ್ಪು ಕಹಿ, ಮೇಲಿಂದ ಸದಾ ಜಿಗುಟು.

ಒಗ್ಗರಣೆ
ಡಬ್ಬಿಗೆ ನಾಲ್ಕು ಕಾಳು ಅಕ್ಕಿ ಹಾಕ್ರಪ್ಪ, ಎಂಟ್ರೊಪಿ ನಿಲ್ಲುತ್ತೆ.

ರಸಗುಂಡಿ
ನಿಲ್ಲಲ್ಲ, ಅಕ್ಕಿ ಸ್ವಲ್ಪ ತೇವ ತಾನು ಕುಡಿಯುತ್ತೆ ಅಷ್ಟೆ. ಅಕ್ಕಿಯನ್ನ ಹುರಿದು ಹಾಕಿದರೆ ಇನ್ನೂ ಸ್ವಲ್ಪ ದಿನ ಬರುತ್ತೆ.

ಎಡವಟ್ಟು_ರಾಯ
ಈಗ ನನ್ನ ಅಸಲಿ ತಕರಾರಿಗೆ ಬರ್ತೀನಿ. ಜೀವವಿಕಾಸ ಎರಡನೇ ನಿಯಮಕ್ಕೆ ವಿರುದ್ಧ ಅಂತ ಕೆಲವರು ಹೇಳಿದಾಗೆಲ್ಲ "ಭೂಮಿ ತೆರೆದ ವ್ಯವಸ್ಥೆ, ಸೂರ್ಯನಿಂದ ಶಕ್ತಿ ಬರುತ್ತೆ" ಅಂತ ಉತ್ತರ ಕೊಡ್ತಾರೆ. ಬಿಸಿಲು ಬಿದ್ದ ಮಾತ್ರಕ್ಕೆ ಏನಾಗುತ್ತೆ? ಕಲ್ಲಿಗೆ ಬಿಸಿಲು ಬಿದ್ದರೆ ಕಲ್ಲು ಕಾಯುತ್ತೆ. ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಬಿದ್ದರೆ ಬಿರುಕು ಬಿಡುತ್ತೆ. ಶಕ್ತಿ ಬಂದರೆ ಶಿಸ್ತು ತಾನಾಗಿ ಬಂದುಬಿಡುತ್ತಾ?

ಜಿಗುಟು_ಬೆಲ್ಲ
ಮೊದಲು ಭೂಮಿಗೆ "ಶಕ್ತಿ ಬರುತ್ತೆ" ಅನ್ನೋದನ್ನೇ ಸರಿ ಮಾಡೋಣ. ಬಂದಷ್ಟೇ ಹೋಗುತ್ತೆ. ಸೂರ್ಯನಿಂದ ಭೂಮಿ ಹೀರೋದು ಮೇಲ್ಮೈ ಸರಾಸರಿ ಚದರ ಮೀಟರಿಗೆ ಸುಮಾರು 240 ವಾಟ್. ಇನ್‌ಫ್ರಾರೆಡ್ ಆಗಿ ಬಾಹ್ಯಾಕಾಶಕ್ಕೆ ಹೋಗೋದೂ ಹತ್ತಿರ ಹತ್ತಿರ ಅಷ್ಟೇ. ಹಾಗೆ ಹೋಗದಿದ್ದರೆ ಬೆಂದು ಹೋಗ್ತಿದ್ವಿ. ಉಳಿಯೋದು ವ್ಯತ್ಯಾಸ ಮಾತ್ರ: ಬರೋದು 5,772 ಕೆಲ್ವಿನ್ ಮೇಲ್ಮೈಯಿಂದ, ಹೋಗೋದು 255 ಕೆಲ್ವಿನ್ ಲೆಕ್ಕದಲ್ಲಿ. ವಿಕಿರಣದ ಎಂಟ್ರೊಪಿಗೆ 4/3ರ ಗುಣಕ ಹಾಕಬೇಕು. ಬಂದದ್ದು (4/3) × 240/5772 = 0.055, ಹೋದದ್ದು (4/3) × 240/255 = 1.25 ವಾಟ್/ಕೆಲ್ವಿನ್, ಪ್ರತಿ ಚದರ ಮೀಟರಿಗೆ. ನಿವ್ವಳ ರಫ್ತು 1.2. ಒಂದು ಬೆಳಕಿನ ಫೋಟಾನ್ ಬಂದರೆ ಇಪ್ಪತ್ತಕ್ಕೂ ಹೆಚ್ಚು ಇನ್‌ಫ್ರಾರೆಡ್ ಫೋಟಾನ್ ಹೊರಡುತ್ತವೆ. ನೋಟು ಕೊಟ್ಟು ಚಿಲ್ಲರೆ ತಗೊಂಡ ಹಾಗೆ, ಮೊತ್ತ ಅಷ್ಟೇ, ಆದ್ರೆ ಚಿಲ್ಲರೆ ಮತ್ತೆ ತಾನಾಗಿ ನೋಟಾಗಲ್ಲ.

ಬೋಲ್ಟ್ಸ್‌ಮನ್ ಅನ್ನೋ ಭೌತವಿಜ್ಞಾನಿ 1886ರಲ್ಲೇ ಇದನ್ನ ಹೇಳಿದ್ದ: ಜೀವಿಗಳ ಹೋರಾಟ ಶಕ್ತಿಗಾಗಿ ಅಲ್ಲ, ಬಿಸಿ ಸೂರ್ಯನಿಂದ ತಣ್ಣನೆಯ ಭೂಮಿಗೆ ಶಕ್ತಿ ಇಳಿಯುವಾಗ ಸಿಗುವ ಎಂಟ್ರೊಪಿಗಾಗಿ.

ಈ 1.2ರಲ್ಲಿ ಹೆಚ್ಚಿನ ಪಾಲು ಬಿಸಿಲು ನೆಲಕ್ಕೆ, ಗಾಳಿಗೆ ಬಿದ್ದು ಸುಮ್ಮನೆ ಶಾಖವಾಗುವಲ್ಲೇ ಹುಟ್ಟೋದು. ದ್ಯುತಿಸಂಶ್ಲೇಷಣೆ ಭೂಮಿಗೆ ಬಿದ್ದ ಬಿಸಿಲಿನಲ್ಲಿ ಶೇ 1ಕ್ಕಿಂತ ಕಡಿಮೆ ಹಿಡಿಯುತ್ತೆ. ಬಜೆಟ್ ಸಾಲದು ಅನ್ನೋ ವಾದ ನಿಲ್ಲೋದೇ ಇಲ್ಲ.

ಲೆಕ್ಕದ_ಮೇಷ್ಟ್ರು
ರಾಯರ ಅರ್ಧ ಮಾತು ಸರಿ ಇದೆ, ಅದನ್ನ ಕೊಡಬೇಕು. ಎರಡನೇ ನಿಯಮ ಲೆಕ್ಕಪರಿಶೋಧಕ, ಮೇಸ್ತ್ರಿ ಅಲ್ಲ. ಖರ್ಚಿಗೆ ಹಣ ಇದೆಯಾ ಅಂತ ನೋಡುತ್ತೆ, ಮನೆ ಕಟ್ಟಿಕೊಡಲ್ಲ. ಮಡಕೆ ಪಕ್ಕ ಸ್ಟೀಲ್ ಕೊಡ ಇಡಿ. ಅದೇ ನೀರು, ಅದೇ ಒಣಗಾಳಿ, ಎಂಟ್ರೊಪಿ ಬಜೆಟ್ ತೂಕ ಹಾಕಿದ ಹಾಗೆ ಒಂದೇ. ಕೊಡದ ನೀರು ಹೆಚ್ಚುಕಡಿಮೆ 40ರಲ್ಲೇ ಇರುತ್ತೆ. ಮಡಕೆಗೆ ರಂಧ್ರಗಳಿವೆ, ಕೊಡಕ್ಕಿಲ್ಲ. ಕಲ್ಲಿಗೂ ಎಲೆಗೂ ಇರುವ ವ್ಯತ್ಯಾಸ ಅದೇ ಜಾತಿಯದು. ಹಾಗಾಗಿ "ತೆರೆದ ವ್ಯವಸ್ಥೆ" ಅನ್ನೋದು ಜೀವವಿಕಾಸಕ್ಕೆ ವಿವರಣೆ ಅಲ್ಲ. ನಿಯಮ ಅಡ್ಡ ಬರಲ್ಲ ಅನ್ನೋದಕ್ಕೆ ಮಾತ್ರ ಉತ್ತರ. ರಂಧ್ರ ಎಲ್ಲಿಂದ ಬಂತು ಅನ್ನೋದನ್ನ ರಸಾಯನಶಾಸ್ತ್ರ, ಜೀವಶಾಸ್ತ್ರದವರನ್ನ ಕೇಳಬೇಕು, ಅವರ ಹತ್ತಿರ ಉತ್ತರಗಳೂ ಇವೆ. ವಿಕಾಸ ಅಸಾಧ್ಯ ಅನ್ನೋಕೆ ಎರಡನೇ ನಿಯಮ ತಂದರೆ ಮಾತ್ರ ಅದು ನಿಲ್ಲಲ್ಲ. ಅದೇ ವಾದದಿಂದ ಸಾಣಿಕಟ್ಟಾದ ಉಪ್ಪೂ ಅಸಾಧ್ಯ.

ಎಡವಟ್ಟು_ರಾಯ
ಸ್ಟೀಲ್ ಕೊಡ ಹೊಡೆತ ಚೆನ್ನಾಗಿತ್ತು. ಆದ್ರೂ ಶಿಸ್ತು ಇಳಿದರೆ ಎಂಟ್ರೊಪಿ ಏರಿಕೆ ತಾನೆ? ಪುಸ್ತಕಗಳಲ್ಲೆಲ್ಲ ಅಸ್ತವ್ಯಸ್ತತೆ ಅಂತಲೇ ಬರೆದಿರುತ್ತೆ.

ಜಿಗುಟು_ಬೆಲ್ಲ
ಆ ಪದವೇ ಅರ್ಧ ಗೊಂದಲಕ್ಕೆ ಕಾರಣ. ಎಣ್ಣೆ, ನೀರು ಕುಲುಕಿ ಇಟ್ಟರೆ ತಾವಾಗಿ ಎರಡು ಪದರ ಆಗ್ತವೆ. ನೋಡೋಕೆ ಶಿಸ್ತು ಹೆಚ್ಚಾಯ್ತು, ಒಟ್ಟು ಎಂಟ್ರೊಪಿಯೂ ಹೆಚ್ಚಾಯ್ತು. ಎಣ್ಣೆಯ ಮೈಗೆ ತಾಗಿದ ನೀರಿನ ಅಣುಗಳಿಗೆ ತಿರುಗೋ ಸ್ವಾತಂತ್ರ್ಯ ಕಡಿಮೆ. ಎಣ್ಣೆ ಒಟ್ಟುಗೂಡಿ ಮೈ ಕುಗ್ಗಿಸಿಕೊಂಡರೆ ಆ ಅಣುಗಳು ಬಿಡುಗಡೆಯಾಗ್ತವೆ. ಕಣ್ಣಿಗೆ ಕಾಣೋದು ಎಣ್ಣೆ, ಎಣಿಸಬೇಕಾದದ್ದು ನೀರು. ಎಷ್ಟು ವಿಧದಲ್ಲಿ ಅಣುಗಳು ಜೋಡಿಕೊಳ್ಳಬಹುದು ಅನ್ನೋ ಎಣಿಕೆಯೇ ಎಂಟ್ರೊಪಿ, ಹಾಸ್ಟೆಲ್ ರೂಮಿನ ಬಟ್ಟೆ ರಾಶಿ ಅಲ್ಲ.

ಬಿಸಿಲನಾಡು
ಹಂಗಾದ್ರ ಮಜ್ಜಿಗಿ ಕಡದು ಬೆಣ್ಣಿ ತಗಿಯೋದು? ಕಲಸಿದಷ್ಟೂ ಬ್ಯಾರೆ ಆಗತದ ಅಲ್ರೀ. ಕಲಸಿದ್ರ ಬೆರೀಬೇಕು ಅಂತಾರ.

ರಸಗುಂಡಿ
ಸೊಗಸಾದ ಪ್ರಶ್ನೆ ರೀ. ಕೊಬ್ಬಿನ ಪ್ರತಿ ಹನಿಗೂ ಸುತ್ತ ಒಂದು ತೆಳು ಪೊರೆ ಇರುತ್ತೆ, ಅದು ಹನಿಗಳನ್ನ ಒಂದಕ್ಕೊಂದು ಅಂಟದಂತೆ ತಡೆಯುತ್ತೆ. ಹನಿಗಳು ಸೇರೋದು ಇಳಿಜಾರಿನ ದಾರಿಯೇ, ಪೊರೆ ಅನ್ನೋ ದಿಬ್ಬ ಅಡ್ಡ ಇದೆ ಅಷ್ಟೆ. ಕಡಗೋಲು ಬೆಣ್ಣೆಯನ್ನ "ಬೇರ್ಪಡಿಸಲ್ಲ", ದಿಬ್ಬ ಒಡೆಯುತ್ತೆ. ಇಲ್ಲಿ ತಾಪಮಾನ ಮುಖ್ಯ. ಕೊಬ್ಬು ಅರ್ಧ ಗಟ್ಟಿ, ಅರ್ಧ ದ್ರವ ಇರಬೇಕು, 15 ಡಿಗ್ರಿ ಆಸುಪಾಸು. ಗಟ್ಟಿ ಹರಳು ಪಕ್ಕದ ಹನಿಯ ಪೊರೆ ಚುಚ್ಚುತ್ತೆ, ದ್ರವ ಭಾಗ ಅಂಟಿಸುತ್ತೆ. ಬೇಸಿಗೆಯಲ್ಲಿ ಕೊಬ್ಬು ಪೂರ್ತಿ ಕರಗಿ ಬೆಣ್ಣೆ ಕೂಡಲ್ಲ, ಅದಕ್ಕೇ ತಣ್ಣೀರು ಹಾಕಿ ಕಡೆಯೋದು. ತೀರಾ ಫ್ರಿಡ್ಜಿನಿಂದ ತೆಗೆದದ್ದಾದರೆ ಅಂಟೋಕೆ ದ್ರವ ಇರಲ್ಲ, ಸ್ವಲ್ಪ ಬಿಸಿನೀರು ಬೇಕು.

ಕಡಲತಡಿ
ವಿಷಯ ಮಡಕೆಯಿಂದ ಮಜ್ಜಿಗೆಗೆ ಬಂತು. ಇನ್ನು ಉಪ್ಪಿನಕಾಯಿ ಒಂದು ಬಾಕಿ.

ತಣ್ಣೀರು_ಹೂಜಿ
ನಾನೇ ವಾಪಸ್ ಮಡಕೆಗೆ ತರ್ತೀನಿ. ವೆಟ್ ಬಲ್ಬಿಗಿಂತ ಕೆಳಗೆ ಇಳಿಸೋದನ್ನ ಎರಡನೇ ನಿಯಮವೇ ತಡೆಯುತ್ತಾ?

ಕಂಪ್ರೆಸರ್_ಗುರು
ಇಲ್ಲ. ವೆಟ್ ಬಲ್ಬ್ ಅನ್ನೋದು ಒಳನುಗ್ಗುವ ಶಾಖಕ್ಕೂ ಹೊರಹೋಗುವ ಆವಿಗೂ ತಾಳೆ ಬೀಳುವ ಜಾಗ. ನಿಯಮದ ನೆಲಗಟ್ಟು ಅದಕ್ಕಿಂತ ಕೆಳಗಿದೆ. ಮೊದಲೇ ತಣ್ಣಗಾದ ಒಣಗಾಳಿಯನ್ನ ಮಡಕೆಗೆ ಕೊಟ್ಟರೆ ಇನ್ನೂ ಇಳಿಯುತ್ತೆ. ಎರಡು ಹಂತದ ಕೂಲರ್‌ಗಳು ಮಾಡೋದು ಇದನ್ನೇ: ಪಕ್ಕದ ಒದ್ದೆ ಕಾಲುವೆಯಿಂದ ತೇವ ಸೇರಿಸದೆ ಗಾಳಿ ತಣ್ಣಗೆ ಮಾಡಿ, ಆಮೇಲೆ ಒದ್ದೆ ಪ್ಯಾಡಿಗೆ ಬಿಡ್ತವೆ. ಹೀಗೆ ಇಬ್ಬನಿ ಬಿಂದುವಿನ (ಗಾಳಿಯ ತೇವ ಹನಿಗಟ್ಟಲು ಶುರುವಾಗುವ ತಾಪಮಾನ) ಕಡೆಗೆ ಹೋಗಬಹುದು. ನಿಮ್ಮ 40 ಡಿಗ್ರಿ, ಶೇ 20 ಗಾಳಿಗೆ ಅದು ಸುಮಾರು 13. ಮಾದರಿ ಜಟಿಲ, ಫ್ಯಾನಿನ ಖರ್ಚು ಜಾಸ್ತಿ, ಮಡಕೆಗೆ ಅದೆಲ್ಲ ಬೇಡ.

ತಣ್ಣೀರು_ಹೂಜಿ
ಹಾಗಾದರೆ ಹೊಸದರಲ್ಲಿ ಚೆನ್ನಾಗಿ ತಣ್ಣಗೆ ಮಾಡ್ತಿದ್ದ ಮಡಕೆ ಎರಡನೇ ಬೇಸಿಗೆಗೆ ಮಂಕಾಗೋದು ಯಾಕೆ? ಗಾಳಿ ಅದೇ, ಮಣ್ಣೂ ಅದೇ.

ಬಿಸಿಲನಾಡು
ಬೋರ್ ನೀರಿನ ಸುಣ್ಣ. ನೀರು ಹೊರಮೈಗೆ ಬಂದು ಆವಿ ಆಗಿ ಹೋಗತದ, ಅದ್ರಾಗಿದ್ದ ಲವಣ ರಂಧ್ರದ ಬಾಯಾಗ ಕುಂದರತದ. ಬಿಳಿ ಪುಡಿ ಹಂಗ ಕಾಣ್ತದ ನೋಡ್ರಿ, ಅದ. ರಂಧ್ರ ಮುಚ್ಚಿದ ಗಡಿಗಿ ಅಂದ್ರ ಸ್ಟೀಲ್ ಕೊಡ. ಏನ ಮಾಡ್ಬೇಕು ಅಂದ್ರ ಖಾಲಿ ಮಾಡಿ ತೆಂಗಿನ ನಾರಿಲೆ ಹೊರಗ ತಿಕ್ಕಿ, ಲಿಂಬಿಹಣ್ಣಿನ ರಸ ಇಲ್ಲಾ ನೀರು ಬೆರೆಸಿದ ವಿನೆಗರ್ ಹಚ್ಚಿ ಅರ್ಧ ತಾಸು ಬಿಟ್ಟು, ಎರಡ್ಮೂರು ಸಲ ತೊಳದು, ಬಿಸಿಲಿಗೆ ಒಣಗಸ್ರಿ. ಸಾಬೂನು ಹಚ್ಚಬ್ಯಾಡ್ರಿ, ರಂಧ್ರದಾಗ ಹೊಕ್ಕಿದ್ದು ಹೊರಗ ಬರಂಗಿಲ್ಲ, ನೀರು ವಾಸನಿ ಬರತದ. ಪೇಂಟು ಬಳದು ಚಂದ ಮಾಡಿದ ಗಡಿಗಿ ತಗೋಬ್ಯಾಡ್ರಿ.

ರಸಗುಂಡಿ
ಸೇರಿಸೋದು ಎರಡು. ಕಡಿಮೆ ಬಿಸಿಯಲ್ಲಿ, 700-900 ಡಿಗ್ರಿಯಲ್ಲಿ ಸುಟ್ಟ ಮಡಕೆ ಜಿನುಗುತ್ತೆ. ಅದಕ್ಕಿಂತ ಹೆಚ್ಚು ಸುಟ್ಟರೆ ಮಣ್ಣು ಗಾಜಿನಂತೆ ಕೂಡಿಕೊಂಡು ಬಾಳಿಕೆ ಬರುತ್ತೆ, ತಣ್ಣಗೆ ಮಾಡಲ್ಲ. ಇನ್ನೊಂದು, ಮೂಲೆಯಲ್ಲಿ ಇಡಬೇಡಿ. ಮಡಕೆಯ ಸುತ್ತ ಅದರದ್ದೇ ತೇವದ ಗಾಳಿ ನಿಂತುಬಿಡುತ್ತೆ. ಕಿಟಕಿ ಪಕ್ಕ, ಬಿಸಿಲು ನೇರ ಬೀಳದ ಜಾಗ, ಕಂಬಿ ಸ್ಟ್ಯಾಂಡ್ ಮೇಲೆ.

ತಣ್ಣೀರು_ಹೂಜಿ
ಕೆಳಗಿಟ್ಟ ತಟ್ಟೆ ತುಂಬೋವಷ್ಟು ನೀರು ತೊಟ್ಟಿಕ್ಕುತ್ತೆ ಅಂದರೆ ರಂಧ್ರ ಚೆನ್ನಾಗಿ ತೆರೆದಿದೆ ಅಂತ ತಾನೆ?

ಲೆಕ್ಕದ_ಮೇಷ್ಟ್ರು
ಅದು ಸೋರಿಕೆ. ತೊಟ್ಟಿಕ್ಕಿದ ನೀರು ದ್ರವವಾಗೇ ಗಡಿ ದಾಟಿತು, 0 ಡಿಗ್ರಿ ನೀರಿನ ಎಂಟ್ರೊಪಿಯನ್ನ ಸೊನ್ನೆ ಅಂತ ಹಿಡಿದರೆ ಕೆಜಿಗೆ 0.4 ಕಿಲೋಜೂಲ್/ಕೆಲ್ವಿನ್‌ಗಿಂತ ಕಡಿಮೆ ಒಯ್ತು. ಆವಿ 8.5ಕ್ಕೂ ಹೆಚ್ಚು ಒಯ್ಯುತ್ತೆ. ಅಡುಗೆಮನೆ ತಕ್ಕಡಿಯಲ್ಲಿ ಗಂಟೆಗೊಮ್ಮೆ ಮಡಕೆ ತೂಗಿ, ತಟ್ಟೆಯನ್ನೂ ಬೇರೆ ತೂಗಿ. ಮಡಕೆಯಲ್ಲಿ ಕಡಿಮೆಯಾದದ್ದರಲ್ಲಿ ತಟ್ಟೆಗೆ ಬಿದ್ದದ್ದು ಕಳೆದರೆ ಆವಿ. ಗಂಟೆಗೆ 60-70 ಗ್ರಾಂ ಆವಿ ಬಂದರೆ ಮಡಕೆ ಸರಿಯಿದೆ.

ಒಗ್ಗರಣೆ
ತೂಗೋ ಮುಂಚೆ ಕುಡಿಯಬೇಡಿ, ಲೆಕ್ಕ ತಪ್ಪುತ್ತೆ.